ವಾಸನೆ ಇರುವಷ್ಟು ಹೊತ್ತು

(ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮಹಿಳಾ ಸ್ವಸಹಾಯ ಸಂಘದವರು ಕರೆದ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಬ್ಬರು ಅಕ್ಕ ನನ್ನ ಕೈಗೆ ಒಂದು ಪುಟ್ಟ ಸೀಸೆ ಕೊಟ್ಟರು. ಮಜ್ಜಿಗೆ ಹುಲ್ಲಿನ ಎಣ್ಣೆ. "ಇದನ್ನ ಹಚ್ಕೊಂಡು ಬೆಟ್ಟಕ್ಕೆ ಹೋದ್ರೆ ಉಣುಗು ಹತ್ತೋದಿಲ್ವಂತೆ, ಹೌದಾ ಡಾಕ್ಟ್ರೇ?" ಅಂತ ಕೇಳಿದರು. ಉಣುಗು ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ. ನಾನು ಬೇರೆ ಏನೋ ಮಾತಾಡೋಣ ಅಂತ ಬಂದಿದ್ದೆ. ದನದ ಕೊಟ್ಟಿಗೆ, ಲಸಿಕೆ, ಹೀಗೆ. ಅದನ್ನು ಇನ್ನೊಂದು ದಿನ ನೋಡೋಣ. ಇವತ್ತು ಅಕ್ಕನ ಪ್ರಶ್ನೆಗೇ ಉತ್ತರ ಹೇಳುತ್ತೇನೆ. ಒಂದೇ ಮಾತಿನಲ್ಲಿ ಹೌದು ಅಥವಾ ಇಲ್ಲ ಅಂದುಬಿಟ್ಟರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

ಮೊದಲು ಒಂದು ಕೆಲಸ ಮಾಡೋಣ. ಇದು ಹಳೇ ಪೇಪರಿನ ಚೂರು. ಈ ಕಡೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡುತ್ತೇನೆ, ಆ ಕಡೆ ಒಂದು ಹನಿ ನೀಲಗಿರಿ ಎಣ್ಣೆ. ಎರಡೂ ಕಡೆ ಕಲೆ ಕಾಣುತ್ತಿದೆ ಅಲ್ವಾ? ಇದನ್ನು ಕಿಟಕಿ ಹತ್ತಿರ ಇಡಿ. ಆಮೇಲೆ ನೋಡೋಣ.

ನಾವು ಎರಡನ್ನೂ ಎಣ್ಣೆ ಅಂತಲೇ ಕರೆಯುತ್ತೇವೆ. ಆದರೆ ಒಂದು ಗಾಣದ್ದು, ಇನ್ನೊಂದು ಭಟ್ಟಿಯದು. ಕೊಬ್ಬರಿ, ಎಳ್ಳು, ಹೊಂಗೆ, ಬೇವಿನ ಬೀಜ, ಇವನ್ನೆಲ್ಲ ಹಿಂಡಿ ಎಣ್ಣೆ ತೆಗೆಯುತ್ತಾರೆ. ಅದು ಜಿಡ್ಡು. ಮೈಮೇಲೆ ಕೂತರೆ ಅಲ್ಲೇ ಇರುತ್ತದೆ. ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ ಹುಲ್ಲು, ನೀಲಗಿರಿ ಎಲೆ, ಲವಂಗ, ಇವುಗಳಿಗೆ ಹಬೆ ಹಾಯಿಸಿ ಭಟ್ಟಿ ಇಳಿಸುತ್ತಾರೆ. ಅದರಲ್ಲಿ ಬರುವುದು ಗಿಡದ ವಾಸನೆ. ಈಗ ಅಂಗಡಿಯಲ್ಲಿ ಎಸೆನ್ಷಿಯಲ್ ಆಯಿಲ್ ಅಂತ ಮಾರುವುದು ಈ ಭಟ್ಟಿ ಎಣ್ಣೆಯನ್ನೇ. ಒಂದು ರಾಶಿ ಹುಲ್ಲು ಬೇಯಿಸಿದರೆ ಕೆಳಗೆ ಸಿಗುವುದು ಒಂದು ಲೋಟ ಎಣ್ಣೆ. ಅಷ್ಟು ಗಟ್ಟಿ ಅದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ವಾಸನೆಗೂ ಉಣುಗಿಗೂ ಏನು ಸಂಬಂಧ?

ಉಣುಗು ಹಾರುವುದಿಲ್ಲ. ಜಿಗಿಯುವುದೂ ಇಲ್ಲ. ಮರದ ಮೇಲಿಂದ ತಲೆ ಮೇಲೆ ಬೀಳುತ್ತದೆ ಅನ್ನುವುದು ಸುಳ್ಳು. ಅದು ಒಣಗಿದೆಲೆ, ಹುಲ್ಲಿನ ತುದಿ, ಕುರುಚಲು ಗಿಡದ ಮೇಲೆ ಹತ್ತಿ ಕೂರುತ್ತದೆ. ಹಿಂದಿನ ಕಾಲುಗಳಲ್ಲಿ ಎಲೆ ಹಿಡಿದುಕೊಂಡು, ಮುಂದಿನ ಎರಡು ಕಾಲು ಚಾಚಿ ಕಾಯುತ್ತದೆ. ಆ ಮುಂದಿನ ಕಾಲುಗಳಲ್ಲೇ ಅದರ ಮೂಗು. ಹ್ಯಾಲರ್ ಅಂಗ ಅಂತ ಅದಕ್ಕೆ ಹೆಸರು. ನಾವು ಬಿಡುವ ಉಸಿರು, ಮೈಯ ಬಿಸಿ, ಬೆವರಿನ ವಾಸನೆ ಎಲ್ಲವೂ ಅದಕ್ಕೆ ಅಲ್ಲಿಂದಲೇ ಗೊತ್ತಾಗುತ್ತದೆ. ನೀವು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸುತ್ತಾ ಪಕ್ಕದಲ್ಲಿ ಹಾದರೆ ಸಾಕು, ಸೀರೆ ಅಂಚಿಗೋ ಕಾಲಿಗೋ ಹತ್ತಿಕೊಂಡು ಮೇಲೇರುತ್ತದೆ.

ಘಾಟು ವಾಸನೆಯ ಎಣ್ಣೆ ಹಚ್ಚಿಕೊಂಡಿದ್ದರೆ ಆ ಮೂಗಿಗೆ ಗೊಂದಲವಾಗುತ್ತದೆ. ಕೆಲವು ಉಣುಗು ಹತ್ತುವುದೇ ಇಲ್ಲ. ಹತ್ತಿದ್ದೂ ಬಿಟ್ಟು ಕೆಳಗೆ ಬೀಳಬಹುದು. ಇದು ಸುಮ್ನೆ ಹೇಳುವ ಮಾತಲ್ಲ, ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಸಿಟ್ರೊನೆಲ್ಲಾ, ಲವಂಗ, ಜೆರೇನಿಯಂ ಇಂಥ ಎಣ್ಣೆಗಳಿಗೆ ಉಣ್ಣೆ ಜಾತಿಯ ಹುಳಗಳು ಹಿಂಜರಿಯುತ್ತವೆ. ಹಾಗಾಗಿ ಅಕ್ಕ ಕೇಳಿದ ಸುದ್ದಿಯಲ್ಲಿ ನಿಜ ಇದೆ.

ಹಾಗಾದರೆ ತೊಂದರೆ ಏನು? ಎರಡು ತೊಂದರೆ ಇದೆ. ಒಂದಕ್ಕೊಂದು ಗಂಟು ಹಾಕಿಕೊಂಡಿವೆ.

ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಎಣ್ಣೆಯನ್ನು ಕಾಗದದ ಮೇಲೆ ಹಚ್ಚಿ ನೋಡುತ್ತಾರೆ. ಎಣ್ಣೆಯೂ ಸಾಕಷ್ಟು ಗಟ್ಟಿಯಾಗಿಯೇ ಇರುತ್ತದೆ. ನಮ್ಮ ಚರ್ಮ ಕಾಗದ ಅಲ್ಲ. ಅಷ್ಟು ಗಟ್ಟಿ ಎಣ್ಣೆ ಹಚ್ಚಿದರೆ ಉರಿ, ಕೆಂಪು ಗಂದೆ, ಕೆಲವರಿಗೆ ಬೊಬ್ಬೆ. ಒಂದು ಸಲ ಮೈಗೆ ಅಲರ್ಜಿ ಹತ್ತಿತೆಂದರೆ ಆಮೇಲೆ ಅದೇ ಎಣ್ಣೆ ಇರುವ ಸೋಪು ಮುಟ್ಟಿದರೂ ತುರಿಕೆ ಏಳಬಹುದು. ಅದಕ್ಕೇ ತೆಳು ಮಾಡಬೇಕು. ತೆಳು ಮಾಡಿದರೆ ಚರ್ಮಕ್ಕೆ ಒಳ್ಳೆಯದು, ಆದರೆ ವಾಸನೆ ಬೇಗ ಇಳಿಯುತ್ತದೆ. ವಾಸನೆ ಇರುವಷ್ಟು ಹೊತ್ತು ಔಷಧಿ. ವಾಸನೆ ಹೋಯಿತೋ, ಮೈಮೇಲೆ ಉಳಿದಿರುವುದು ಬರೀ ಕೊಬ್ಬರಿ ಎಣ್ಣೆ. ಬಿಸಿಲಲ್ಲಿ ಬೆವರು ಸುರಿಸಿ ಕೆಲಸ ಮಾಡುವವರಿಗೆ ಅದು ಇನ್ನೂ ಬೇಗ.

ಬೇರೆ ಊರಾಗಿದ್ದರೆ ನಾನು ಇಷ್ಟಕ್ಕೇ ನಿಲ್ಲಿಸುತ್ತಿದ್ದೆ. ಹಚ್ಚಿಕೊಳ್ಳಿ, ವಾಸನೆ ಹೋದಾಗ ಮತ್ತೆ ಹಚ್ಚಿ, ಒಂದೆರಡು ಕಚ್ಚಿದರೆ ತುರಿಸುತ್ತದೆ, ಅಷ್ಟೆ. ಆದರೆ ನಾವು ಕೂತಿರುವ ಜಾಗ ಯಾವುದು? ಇಲ್ಲಿಂದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಕಂಡುಹಿಡಿದರು. ಲೋಕಕ್ಕೆಲ್ಲ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮಗೆ ಮಂಗನ ಕಾಯಿಲೆ. 2018ರ ಕೊನೆಯಿಂದ 2019ರವರೆಗೆ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಬ್ಬಿ ಏನಾಯಿತು ಅನ್ನುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಕೂತವರಲ್ಲಿ ಆ ಮನೆಗಳ ನೆಂಟರು ಇದ್ದೀರಿ.

ಈ ಕಾಯಿಲೆ ಹೆಚ್ಚಾಗಿ ಮಂಗನಿಂದ ನೇರ ಬರುವುದಲ್ಲ. ಒಬ್ಬರಿಂದ ಇನ್ನೊಬ್ಬರಿಗೂ ಹರಡುವುದಿಲ್ಲ. ತರುವುದು ಉಣುಗು. ಅದರಲ್ಲೂ ಮರಿ ಉಣುಗು. ಸಾಸಿವೆ, ಎಳ್ಳಿನಷ್ಟು ಇರುತ್ತದೆ. ದನದ ಕಿವಿಯಲ್ಲಿ ಊದಿಕೊಂಡು ಕಾಣುವ ದೊಡ್ಡದನ್ನು ನೋಡಿ ನಾವು ಹೆದರುತ್ತೇವೆ. ಮನುಷ್ಯರಿಗೆ ಜಾಸ್ತಿ ಕಚ್ಚುವುದು ಈ ಚಿಕ್ಕದು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮಳೆ ನಿಂತು ಕಾಡು ಒಣಗುತ್ತಾ ಬಂದ ಹಾಗೆ, ನವೆಂಬರಿನಿಂದ ಮೇವರೆಗೆ ಇವು ಓಡಾಡುತ್ತವೆ. ನೀವು ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ಅಂತ ಬೆಟ್ಟದಲ್ಲಿ ದರಗು ಒಟ್ಟುವುದೂ ಅದೇ ತಿಂಗಳುಗಳಲ್ಲಿ. ದರಗಿನ ರಾಶಿಯನ್ನು ಎದೆಗೆ ಅವುಚಿಕೊಂಡು ಬುಟ್ಟಿಗೆ ತುಂಬುತ್ತೀರಿ. ಅದನ್ನು ನೋಡಿದಾಗಲೆಲ್ಲ ನನಗೆ ಜೀವ ಝಲ್ ಅನ್ನುತ್ತದೆ.

ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಇದಕ್ಕೆಂದೇ ಔಷಧಿ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದ್ದಾರೆ, ಹೊಸದು ತಯಾರಾಗುತ್ತಿದೆ. ಹಾಗಿರುವಾಗ "ಹತ್ತರಲ್ಲಿ ಏಳು ಉಣುಗು ಹತ್ತಲಿಲ್ಲ" ಅಂದರೆ ನನಗೆ ಸಮಾಧಾನ ಆಗುವುದಿಲ್ಲ. ಉಳಿದ ಮೂರು ಎಲ್ಲಿ ಹೋದವು ಅಂತ ಕೇಳಬೇಕಾಗುತ್ತದೆ.

ಅದಕ್ಕೇ ಬೆಟ್ಟಕ್ಕೆ ಹೋಗುವ ದಿನ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನೇ ಹಚ್ಚಿ. ಗ್ವಾಲಿಯರಿನಲ್ಲಿರುವ ರಕ್ಷಣಾ ಇಲಾಖೆಯ ಪ್ರಯೋಗಾಲಯದಲ್ಲಿ ಅದನ್ನು ತಯಾರು ಮಾಡಿದ್ದು. ಕಾಡುಮೇಡಿನಲ್ಲಿ ಓಡಾಡುವ ಸೈನಿಕರಿಗೂ ಬೇಕಾದ ಔಷಧಿ. ಅದು ಅಂಟು ಅಂಟು, ವಾಸನೆ ಸೇರುವುದಿಲ್ಲ, ಬಿಸಿಲಿಗೆ ಉರಿಯುತ್ತದೆ ಅಂತ ನಿಮ್ಮಲ್ಲಿ ಎಷ್ಟೋ ಜನ ನನಗೇ ಹೇಳಿದ್ದೀರಿ. ಸೀಸೆ ಮನೆಯ ಗೂಡಿನಲ್ಲಿ ಹಾಗೇ ಕೂತಿರುತ್ತದೆ. ನಿಮ್ಮ ಮಾತು ಸುಳ್ಳಲ್ಲ. ಆದರೆ ಉರಿಯುತ್ತದೆ ಅಂದರೆ ಆಶಾ ಕಾರ್ಯಕರ್ತೆಗೆ ಹೇಳಿ, ಎಷ್ಟು ಹಚ್ಚಬೇಕು ಅಂತ ಮತ್ತೊಮ್ಮೆ ಕೇಳಿ. ಕಣ್ಣು, ಬಾಯಿ, ಗಾಯ ಇರುವ ಕಡೆ ಬೇಡ. ಹಚ್ಚುವುದನ್ನೇ ಬಿಡಬೇಡಿ. ಅದರೊಳಗೆ ಬೇರೆ ಎಣ್ಣೆ ಬೆರೆಸಿ ತೆಳು ಮಾಡಲೂ ಬೇಡಿ.

ಇಲ್ಲಿ ಒಬ್ಬರು ತಮ್ಮ ಕೈ ಎತ್ತಿದ್ದಾರೆ. ಹೇಳಪ್ಪಾ. ಹೂಂ, ಒಳ್ಳೇ ಪ್ರಶ್ನೆ. "ಅಮೆರಿಕದವರೇ ನೀಲಗಿರಿ ಎಣ್ಣೆ ಒಳ್ಳೆಯದು ಅಂತಾರಲ್ಲ?"

ಇದರಲ್ಲಿ ಒಂದು ಹೆಸರಿನ ಗೊಂದಲ ಇದೆ. ನಾವು ಶೀತಕ್ಕೆ ಮೂಸುವ ನೀಲಗಿರಿ ಎಣ್ಣೆ ಬೇರೆ, ಅವರು ಹೇಳುವ ಮರ ಬೇರೆ. ಅದರ ಎಲೆ ಉಜ್ಜಿದರೆ ನಿಂಬೆಯ ವಾಸನೆ ಬರುತ್ತದೆ. ನಿಂಬೆ ನೀಲಗಿರಿ ಅನ್ನೋಣ. ಆ ಎಲೆಯ ಎಣ್ಣೆಯಲ್ಲಿ ಸಿಟ್ರೊನೆಲ್ಲಾಲ್ ಅನ್ನುವ ಅಂಶ ಜಾಸ್ತಿ. ಅದನ್ನು ಸಂಸ್ಕರಿಸಿ ಪಿಎಂಡಿ ಅನ್ನುವ ಇನ್ನೊಂದು ವಸ್ತುವಾಗಿ ಮಾಡುತ್ತಾರೆ. ಪಿಎಂಡಿ ಅಷ್ಟು ಬೇಗ ಆವಿಯಾಗುವುದಿಲ್ಲ, ಹಲವು ಗಂಟೆ ನಿಲ್ಲುತ್ತದೆ. ಅಮೆರಿಕದ ಆರೋಗ್ಯ ಸಂಸ್ಥೆಯವರು ಉಣ್ಣೆಗೆ, ಸೊಳ್ಳೆಗೆ ಹಚ್ಚಬಹುದು ಅಂತ ಪಟ್ಟಿ ಮಾಡಿರುವುದು ಅದನ್ನು. ಭಟ್ಟಿಯಿಂದ ಇಳಿದ ಹಸಿ ಎಣ್ಣೆಯನ್ನಲ್ಲ. ಅದನ್ನೂ 3 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು ಅಂತಾರೆ. ಸೀಸೆ ಮೇಲೆ ಬರೀ "ಯೂಕಲಿಪ್ಟಸ್ ಆಯಿಲ್" ಅಂತ ಇದ್ದರೆ ಅದು ಈ ಔಷಧಿ ಅಲ್ಲ.

ಗಿಡಗಳಿಂದ ಒಳ್ಳೆಯದು ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನನಗೆ ಇದರ ಮೇಲೆ ತುಂಬಾ ಭರವಸೆ ಇದೆ. ಕಾಡು ಟೊಮೆಟೊ ಗಿಡದಲ್ಲಿರುವ ಒಂದು ಅಂಶದಿಂದ ಉಣ್ಣೆ ಓಡಿಸುವ ಔಷಧಿ ಬಂದಿದೆ. ಚಕ್ಕೋತದ ಬಳಗದ ಗ್ರೇಪ್‌ಫ್ರೂಟ್ ಹಣ್ಣಿನ ವಾಸನೆಯಲ್ಲಿ ನೂಟ್‌ಕಟೋನ್ ಅಂತ ಒಂದು ವಸ್ತು ಇದೆ. 2020ರಲ್ಲಿ ಅಮೆರಿಕದಲ್ಲಿ ಅದನ್ನು ಉಣ್ಣೆ, ಸೊಳ್ಳೆ ಔಷಧಿಗಳಲ್ಲಿ ಬಳಸಲು ಒಪ್ಪಿಗೆ ಕೊಟ್ಟರು. ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ಕೊಬ್ಬರಿ ಎಣ್ಣೆಯಿಂದ ಬೇರ್ಪಡಿಸಿದ ಕೊಬ್ಬಿನ ಆಮ್ಲಗಳು ಕಚ್ಚುವ ನೊಣ, ಉಣ್ಣೆ ಇವನ್ನೆಲ್ಲ ಬಹಳ ಹೊತ್ತು ದೂರ ಇಡುತ್ತವೆ ಅಂತ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಆದರೆ ಅವರೇ ಹೇಳಿದ್ದಾರೆ, ಬರೀ ಕೊಬ್ಬರಿ ಎಣ್ಣೆ ಹಚ್ಚಿದರೆ ಆ ಕೆಲಸ ಆಗುವುದಿಲ್ಲ. ನೋಡಿ, ಗಿಡದಲ್ಲಿ ಗುಣ ಇದೆ. ಆ ಗುಣ ಯಾವುದರಲ್ಲಿದೆ ಅಂತ ಹುಡುಕಿ, ಬೇರ್ಪಡಿಸಿ, ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಅಳೆದ ಮೇಲೆ ಅದು ನಂಬುವ ಔಷಧಿ ಆಯಿತು. ನಮ್ಮ ಮಲೆನಾಡಿನ ಉಣುಗಿನ ಮೇಲೆ, ನಮ್ಮ ಗಿಡಗಳಿಂದ ಇಂಥ ಕೆಲಸ ಆಗಬೇಕು ಅಂತ ನನಗೆ ಬಹಳ ಆಸೆ.

ಇನ್ನು ತೆಳು ಮಾಡುವ ಲೆಕ್ಕ. ಸೊಳ್ಳೆಗೋ, ಸಂಜೆ ಅಂಗಳದಲ್ಲಿ ಕೂರುವಾಗಲೋ ಈ ಎಣ್ಣೆ ಹಚ್ಚುವವರು ಇದ್ದೇ ಇರುತ್ತೀರಿ. ಸರಿಯಾಗಿ ಹಚ್ಚಿ.

ಹನಿ ಲೆಕ್ಕ ನಂಬಬೇಡಿ. ಒಂದೊಂದು ಸೀಸೆಯ ಹನಿ ಒಂದೊಂದು ಗಾತ್ರ. ಔಷಧಿ ಅಂಗಡಿಯಲ್ಲಿ ಸೂಜಿ ಇಲ್ಲದ 2 ಮಿ.ಲೀ. ಸಿರಿಂಜು ಸಿಗುತ್ತದೆ, ಅದನ್ನು ತನ್ನಿ. 100 ಮಿ.ಲೀ. ಕೊಬ್ಬರಿ ಎಣ್ಣೆಗೆ ಸಿಟ್ರೊನೆಲ್ಲಾ ಎಣ್ಣೆ 2 ಮಿ.ಲೀ. ಅಂದರೆ ನೂರಕ್ಕೆ ಎರಡು. ಮಜ್ಜಿಗೆ ಹುಲ್ಲಿನದು ಚರ್ಮಕ್ಕೆ ಇನ್ನೂ ಚುರುಕು, ಅದು ಅರ್ಧ ಮಿ.ಲೀ. ಸಾಕು. ಲವಂಗದ್ದೂ ಅರ್ಧವೇ. ದಾಲ್ಚಿನ್ನಿ ಎಣ್ಣೆ ಮೈಗೆ ಬೇಡವೇ ಬೇಡ. ಮೊದಲ ಸಲ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಬಿಡಿ. ಕೆಂಪಾಗಲಿಲ್ಲ, ತುರಿಸಲಿಲ್ಲ ಅಂದರೆ ಮುಂದುವರಿಸಿ. ನಿಂಬೆ ಸಿಪ್ಪೆ ಹಿಂಡಿದ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟ ಹಾಗೆ ಕಪ್ಪಾಗುತ್ತದೆ.

ನೀರಿಗೆ ಹಾಕಿ ಸ್ಪ್ರೇ ಮಾಡುತ್ತೇವೆ ಅನ್ನುತ್ತಾರೆ ಕೆಲವರು. ಭಟ್ಟಿ ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಹೆಚ್ಚಿನವು ಮೇಲೆ ತೇಲುತ್ತವೆ. ಸ್ಪ್ರೇ ಕೊಳವೆ ಇರುವುದು ತಳದಲ್ಲಿ. ಮೊದಮೊದಲು ಬರೀ ನೀರು ಬರುತ್ತದೆ. ಕೊನೆಗೆ ಉಳಿಯುವುದು ಗಟ್ಟಿ ಎಣ್ಣೆ, ಅದು ಯಾರ ಮೈಮೇಲೆ ಬೀಳುತ್ತದೋ ಅವರಿಗೆ ಉರಿ.

ಮಕ್ಕಳ ವಿಷಯದಲ್ಲಿ ದಯವಿಟ್ಟು ಕಿವಿಗೊಟ್ಟು ಕೇಳಿ. ಕರ್ಪೂರ, ನೀಲಗಿರಿ ಎಣ್ಣೆ ಇವು ಹೊಟ್ಟೆಗೆ ಹೋದರೆ ವಿಷ. ಪುಟ್ಟ ಮಗು ಒಂದು ಚಮಚ ನೀಲಗಿರಿ ಎಣ್ಣೆ ಕುಡಿದರೂ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಸೀಸೆಯನ್ನು ದೇವರ ಮನೆಯ ಕಟ್ಟೆಯ ಮೇಲೆ, ದೀಪದ ಎಣ್ಣೆ ಪಕ್ಕ ಇಡಬೇಡಿ. ಕೈಗೆಟುಕದ ಕಪಾಟಿನಲ್ಲಿಡಿ. ಎಳೆ ಮಕ್ಕಳ ಎದೆಗೆ, ಮೂಗಿನ ಹತ್ತಿರ ಹಚ್ಚುವುದೂ ಬೇಡ.

ಈಗ ನನ್ನ ಕಸುಬಿನ ಮಾತು. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆಯ ಬೆಕ್ಕಿಗೆ ಮೈತುಂಬಾ ಉಣ್ಣೆ. ನೀಲಗಿರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ ಅಂತ ನಾನೇ ಹೇಳಿದೆ. ದನಕ್ಕೆ ಹಚ್ಚುವುದನ್ನು ನೋಡಿದ್ದೆ, ಬೆಕ್ಕಿಗೂ ಆಗುತ್ತದೆ ಅಂದುಕೊಂಡೆ. ಮರುದಿನ ಆ ಮನೆಯ ಹುಡುಗಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಬಾಯಲ್ಲಿ ಜೊಲ್ಲು, ಕಾಲು ನಡುಗುತ್ತಿತ್ತು. ಬೆಕ್ಕು ಮೈ ನೆಕ್ಕಿ ನೆಕ್ಕಿ ಅದನ್ನೆಲ್ಲ ಹೊಟ್ಟೆಗೆ ತೆಗೆದುಕೊಂಡಿತ್ತು. ಇಂಥ ಎಣ್ಣೆಯ ಅಂಶಗಳನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಬಹಳ ಕಡಿಮೆ. ಎರಡು ದಿನ ಆರೈಕೆ ಮಾಡಿದ ಮೇಲೆ ಬದುಕಿತು. ಆ ಹುಡುಗಿಯ ಮುಖ ನನಗೆ ಇವತ್ತಿಗೂ ನೆನಪಿದೆ. ಬೆಕ್ಕಿಗೆ ಯಾವ ಭಟ್ಟಿ ಎಣ್ಣೆಯನ್ನೂ ಹಚ್ಚಬೇಡಿ. ಟೀ ಟ್ರೀ ಎಣ್ಣೆ ಅಂತೂ ನಾಯಿಗೂ ಬೇಡ. ನಾಯಿಗೆ ಅಂತ ಕೊಟ್ಟ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಿದರೂ ಪ್ರಾಣಕ್ಕೆ ಅಪಾಯ. ದನ, ನಾಯಿ, ಬೆಕ್ಕು ಮೂರಕ್ಕೂ ಔಷಧಿ ಬೇರೆ ಬೇರೆ. ಆಸ್ಪತ್ರೆಗೆ ಬಂದು ಕೇಳಿ.

ಇನ್ನೊಂದು ಅಭ್ಯಾಸ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ, ಕಚ್ಚಿದರೆ ಸುಣ್ಣ, ಹೊಗೆಸೊಪ್ಪು ತಾಗಿಸುತ್ತೇವೆ, ಬಿದ್ದುಹೋಗುತ್ತದೆ. ಅದೇ ಕೈ ಬೇಸಿಗೆಯಲ್ಲಿ ಕಚ್ಚಿಕೊಂಡ ಉಣುಗಿಗೂ ಸೀಮೆಎಣ್ಣೆ, ನೀಲಗಿರಿ ಎಣ್ಣೆ, ಬೆಂಕಿಕಡ್ಡಿ ಹುಡುಕುತ್ತದೆ. ಉಣುಗು ಉಂಬಳ ಅಲ್ಲ. ಅದು ಬಾಯಿಯನ್ನು ಚರ್ಮದೊಳಗೆ ನೆಟ್ಟುಕೊಂಡಿರುತ್ತದೆ. ಎಣ್ಣೆ ಸುರಿದು ಕಿರಿಕಿರಿ ಮಾಡಿದರೆ ತನ್ನ ಜೊಲ್ಲನ್ನು ಗಾಯದೊಳಗೆ ಇನ್ನಷ್ಟು ಬಿಡಬಹುದು. ವೈರಸ್ ಇರುವುದೇ ಆ ಜೊಲ್ಲಿನಲ್ಲಿ. ಎಣ್ಣೆ ಏನಿದ್ದರೂ ಕಚ್ಚುವ ಮೊದಲು. ಕಚ್ಚಿದ ಮೇಲೆ ಸಣ್ಣ ತುದಿಯ ಚಿಮಟ ತಗೊಂಡು, ಚರ್ಮಕ್ಕೆ ತಾಗಿದ ಹಾಗೆ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಆಮೇಲೆ ಸೋಪು ಹಾಕಿ ತೊಳೆಯಿರಿ.

ಬೆಟ್ಟದಿಂದ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ನೀವು ಬಚ್ಚಲಿಗೆ. ಕಂಕುಳು, ಸೊಂಟದ ಸುತ್ತ, ಮಂಡಿಯ ಹಿಂದೆ, ಕಿವಿಯ ಹಿಂದೆ, ತಲೆಗೂದಲ ಬುಡ ಎಲ್ಲ ನೋಡಿಕೊಳ್ಳಿ. ಬೆನ್ನನ್ನು ಮನೆಯವರು ನೋಡಲಿ. ಹೋಗುವಾಗ ತೆಳು ಬಣ್ಣದ, ಮೈತುಂಬಾ ಬಟ್ಟೆ ಇರಲಿ, ಚಿಕ್ಕ ಉಣುಗು ಓಡಾಡಿದರೆ ಕಣ್ಣಿಗೆ ಬೀಳುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿ.

ಆ ಪೇಪರ್ ಚೂರು ಕೊಡಿ ಇಲ್ಲಿ. ಹಾಂ. ಕೊಬ್ಬರಿ ಎಣ್ಣೆಯ ಕಲೆ ಹಾಗೇ ಇದೆ. ನೀಲಗಿರಿ ಹನಿ ಬಿದ್ದ ಜಾಗ ಯಾವುದು ಅಂತ ಹುಡುಕಬೇಕು. ಹಿಂದಿನ ಸಾಲಿನವರೆಗೂ ಕಳಿಸಿ, ಒಬ್ಬೊಬ್ಬರೂ ಮೂಸಿ ನೋಡಿ. ಫ್ಯಾನಿನ ಕೆಳಗೆ ಕೂತು ಮಾತಾಡುವಷ್ಟರಲ್ಲಿ ಹೀಗಾಯಿತು. ಮಜ್ಜಿಗೆ ಹುಲ್ಲಿನದು, ಸಿಟ್ರೊನೆಲ್ಲಾದ್ದು ಇದಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ತಡೆಯುತ್ತದೆ. ಆದರೆ ನೀವು ಬೆಟ್ಟದಲ್ಲಿರುವುದು ಬೆಳಗಿನಿಂದ ಮಧ್ಯಾಹ್ನದ ಊಟದವರೆಗೆ.

ಏನಕ್ಕಾ, ಜೋರಾಗಿ ಹೇಳಿ. "ಜ್ವರ ಬಂದ್ರೆ ಎಷ್ಟು ದಿನ ಕಾಯ್ಬೇಕು?" ಕಾಯಲೇಬೇಡಿ. ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಸೊಂಟ, ಮೀನಖಂಡ ಹಿಂಡಿದ ಹಾಗೆ ನೋವು ಬಂದರೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಾಡಿಗೆ ಹೋಗಿದ್ದೆ ಅನ್ನುವುದನ್ನು ಮೊದಲೇ ಹೇಳಿ. ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಜ್ವರ ಬಿಟ್ಟಿತು ಅಂತ ಮೈಮರೆಯಬೇಡಿ, ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಬರುತ್ತದೆ. ಕಾಡಿನಲ್ಲಿ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ತಿಳಿಸಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತಮುತ್ತ ಇರುತ್ತದೆ.

ಸೀಸೆ ಕೊಟ್ಟ ಅಕ್ಕ ಎಲ್ಲಿ? ಇಲ್ಲಿದ್ದೀರಾ. ತಗೊಳ್ಳಿ ನಿಮ್ಮ ಎಣ್ಣೆ. ಎಸೆಯಬೇಡಿ, ದುಡ್ಡು ಕೊಟ್ಟು ತಂದಿದ್ದೀರಿ. ಕತ್ತಲೆ ಜಾಗದಲ್ಲಿ ಬಿರಡೆ ಬಿಗಿದು ಇಡಿ, ಹಳೆಯದಾದರೆ ಚರ್ಮಕ್ಕೆ ಇನ್ನೂ ಜಾಸ್ತಿ ಉರಿ. 100 ಮಿ.ಲೀ. ಕೊಬ್ಬರಿ ಎಣ್ಣೆಗೆ ಅರ್ಧ ಮಿ.ಲೀ. ಹಾಕಿ ಕಲಸಿಟ್ಟುಕೊಂಡು, ಸಂಜೆ ಜಗಲಿಯಲ್ಲಿ ಅಡಿಕೆ ಸುಲಿಯಲು ಕೂರುವಾಗ ಸೊಳ್ಳೆಗೆ ಅಂತ ಕೈಕಾಲಿಗೆ ಹಚ್ಚಿ. ನಾಳೆ ಬೆಳಿಗ್ಗೆ ದರಗಿಗೆ ಹೋಗುವುದಾದರೆ ಇವತ್ತು ಮನೆಗೆ ಹೋಗುವ ದಾರಿಯಲ್ಲೇ ಆಶಾ ಕಾರ್ಯಕರ್ತೆಯ ಮನೆ ಹೊಕ್ಕು ಡೆಪಾ ಸೀಸೆ ಇಸಿದುಕೊಳ್ಳಿ.